ಡೈರೆಕ್ಟರಿ ಸರ್ವರ್‌ಗೆ ಪಾಸ್‌ವರ್ಡ್ ಪಾಲಿಸಿ ರೂಪಿಸುವುದು ಹೇಗೆ: ಅಕೌಂಟ್ ಪಟ್ಟಿಯಿಂದ ಜಾರಿಯ ದಿನದವರೆಗೆ

ಡೈರೆಕ್ಟರಿ ಸರ್ವರ್ ಎಂದರೆ ಸಂಸ್ಥೆಯ ಅಕೌಂಟುಗಳನ್ನೆಲ್ಲ ಒಂದೇ ಕಡೆ ಇಟ್ಟು ಲಾಗಿನ್ ಪರೀಕ್ಷಿಸುವ ಸರ್ವರ್. ಅದಕ್ಕೆ ಪಾಸ್‌ವರ್ಡ್ ಪಾಲಿಸಿ ಬರೆಯಿರಿ ಎಂದ ಕೂಡಲೇ ನಮ್ಮ ಕೈ ಒಂದು ಹಳೆಯ ಪಟ್ಟಿಯ ಕಡೆಗೆ ಹೋಗುತ್ತದೆ. ಕನಿಷ್ಠ 8 ಅಕ್ಷರ. ಒಂದು ದೊಡ್ಡಕ್ಷರ, ಒಂದು ಅಂಕಿ, ಒಂದು ಚಿಹ್ನೆ. 90 ದಿನಕ್ಕೊಮ್ಮೆ ಬದಲಾವಣೆ. 3 ಸಲ ತಪ್ಪಿದರೆ ಲಾಕ್. ಇದನ್ನು ಯಾಕೆ ಇಟ್ಟಿದ್ದೀರಿ ಎಂದು ಕೇಳಿದರೆ ಹೆಚ್ಚಿನ ಕಡೆ ಸರಿಯಾದ ಉತ್ತರ ಸಿಗುವುದಿಲ್ಲ. ಆಡಿಟ್‌ನವರು ಕೇಳುತ್ತಾರೆ, ಹಾಗಾಗಿ ಇದೆ.

ಆ ಪಟ್ಟಿಯ ಬೇರು ಅಮೆರಿಕ ಸರ್ಕಾರದ ಮಾನದಂಡ ಸಂಸ್ಥೆ ನಿಸ್ಟ್ 2000ರ ದಶಕದ ಮೊದಲ ವರ್ಷಗಳಲ್ಲಿ ತಂದ ಮಾರ್ಗಸೂಚಿಯ ಒಂದು ಅನುಬಂಧದಲ್ಲಿದೆ. ಅದನ್ನು ಬರೆದ ಬಿಲ್ ಬರ್ ಅವರೇ 2017ರಲ್ಲಿ, ಅದರಲ್ಲಿ ಬಹುಪಾಲಿನ ಬಗ್ಗೆ ತಮಗೆ ಈಗ ವಿಷಾದವಿದೆ ಎಂದು ಪತ್ರಿಕೆಯೊಂದಕ್ಕೆ ಹೇಳಿದರು. ಅದೇ ವರ್ಷ ನಿಸ್ಟ್ ತನ್ನ 800-63ಬಿ ಮಾರ್ಗಸೂಚಿಯಲ್ಲಿ ದಿಕ್ಕು ಬದಲಿಸಿತು. ದೊಡ್ಡಕ್ಷರ, ಚಿಹ್ನೆಗಳ ಒತ್ತಾಯ ಬೇಡ, ಕಾರಣವಿಲ್ಲದೆ ಅವಧಿ ಹಾಕಿ ಬದಲಾಯಿಸುವುದು ಬೇಡ, ಉದ್ದಕ್ಕೆ ಬೆಲೆ ಕೊಡಿ, ಸೋರಿಹೋದ ಪಾಸ್‌ವರ್ಡ್‌ಗಳನ್ನು ಒಳಗೆ ಬಿಡಬೇಡಿ ಎಂದಿತು.

ಡೈರೆಕ್ಟರಿ ಸರ್ವರ್‌ಗಳ ಜೊತೆ ಇಷ್ಟು ವರ್ಷ ಕೆಲಸ ಮಾಡಿದ ಮೇಲೆ ನಾನು ಪಾಲಿಸಿ ಬರೆಯುವ ರೀತಿ ಒಂದೇ. ಪ್ರತಿ ನಿಯಮದ ಎದುರು, ಅದು ಯಾವ ದಾಳಿಯನ್ನು ತಡೆಯುತ್ತದೆ ಎಂದು ಬರೆಯುತ್ತೇನೆ. ಬರೆಯಲು ಆಗದಿದ್ದರೆ ಆ ನಿಯಮ ತೆಗೆಯುತ್ತೇನೆ. ದಾಳಿಗಳ ಪಟ್ಟಿ ದೊಡ್ಡದೇನಲ್ಲ. ಒಂದೇ ಅಕೌಂಟಿನ ಮೇಲೆ ಊಹೆ ಮಾಡುತ್ತಾ ಹೋಗುವುದು. ಒಂದೇ ಪಾಸ್‌ವರ್ಡನ್ನು ಸಾವಿರಾರು ಅಕೌಂಟುಗಳ ಮೇಲೆ ಒಂದೊಂದು ಸಲ ಪ್ರಯತ್ನಿಸುವುದು, ಇದಕ್ಕೆ ಸ್ಪ್ರೇ ಎನ್ನುತ್ತಾರೆ. ಬೇರೆ ಸೈಟಿನಿಂದ ಸೋರಿದ ಪಾಸ್‌ವರ್ಡನ್ನು ಇಲ್ಲಿ ಹಾಕಿ ನೋಡುವುದು. ಕದ್ದ ಹ್ಯಾಶ್‌ಗಳನ್ನು, ಅಂದರೆ ಪಾಸ್‌ವರ್ಡಿನ ಬದಲು ಸರ್ವರ್ ಇಟ್ಟುಕೊಳ್ಳುವ, ನೇರವಾಗಿ ಹಿಂದಕ್ಕೆ ತಿರುಗಿಸಲಾಗದ ಸಂಕೇತಗಳನ್ನು, ತಮ್ಮ ಯಂತ್ರದಲ್ಲಿ ಕೂತು ಒಡೆಯುವುದು. ನೆಟ್‌ವರ್ಕಿನಲ್ಲಿ ಹೋಗುವಾಗಲೇ ಪಾಸ್‌ವರ್ಡ್ ಹಿಡಿಯುವುದು. ಫಿಶಿಂಗ್ ಕೂಡ ಇದೆ, ಆದರೆ ಅದನ್ನು ಯಾವ ಪಾಸ್‌ವರ್ಡ್ ನಿಯಮವೂ ತಡೆಯಲಾರದು. ಅದಕ್ಕೆ ಬೇಕಾದ್ದು ಎಂಎಫ್‌ಎ, ಅಂದರೆ ಪಾಸ್‌ವರ್ಡಿನ ಜೊತೆ ಇನ್ನೊಂದು ಪುರಾವೆ ಕೇಳುವುದು.

ಹಂತ 1: ಮೊದಲು ಅಕೌಂಟುಗಳನ್ನು ಎಣಿಸಿ

ಸೆಟ್ಟಿಂಗ್ ಮುಟ್ಟುವ ಮೊದಲು ಡೈರೆಕ್ಟರಿಯಲ್ಲಿ ಯಾರ್ಯಾರು ಇದ್ದಾರೆ ಎಂದು ನೋಡಿ. ಉದ್ಯೋಗಿಗಳು, ಹೊರಗುತ್ತಿಗೆಯವರು, ಅಡ್ಮಿನ್‌ಗಳು, ಸಾಫ್ಟ್‌ವೇರ್‌ಗಳು ಬಳಸುವ ಸರ್ವಿಸ್ ಅಕೌಂಟುಗಳು, ತುರ್ತಿಗೆಂದು ಇಟ್ಟ ಅಕೌಂಟು, ಯಾರದ್ದೆಂದು ಯಾರಿಗೂ ಗೊತ್ತಿಲ್ಲದ ಅಕೌಂಟು. ಕೊನೆಯದ್ದು ಪ್ರತಿ ಕಡೆಯೂ ಇರುತ್ತದೆ.

ಪ್ರತಿ ಗುಂಪಿನ ಮುಂದೆ ಎರಡು ವಿಷಯ ಬರೆಯಿರಿ. ಈ ಪಾಸ್‌ವರ್ಡನ್ನು ಟೈಪ್ ಮಾಡುವುದು ಮನುಷ್ಯರೋ ಯಂತ್ರವೋ? ಈ ಪಾಸ್‌ವರ್ಡ್ ಎಲ್ಲೆಲ್ಲಿ ನಡೆಯುತ್ತದೆ?

ಎರಡನೇ ಪ್ರಶ್ನೆಯಲ್ಲಿ ಜಾಸ್ತಿ ಹೊತ್ತು ಕೂರಿ. ನಮ್ಮಲ್ಲಿ ಎಂಎಫ್‌ಎ ಇದೆ ಎಂದು ಹೇಳುವುದು ಸುಲಭ. ಅದು ಇರುವುದು ವಿಪಿಎನ್ ಮತ್ತು ಸಿಂಗಲ್ ಸೈನ್ ಆನ್ (ಒಂದೇ ಲಾಗಿನ್‌ನಲ್ಲಿ ಹಲವು ಅಪ್ಲಿಕೇಶನ್‌ಗಳಿಗೆ ಹೋಗುವ) ಪುಟದ ಮುಂದೆ. ಅದೇ ಡೈರೆಕ್ಟರಿಗೆ ನೇರವಾಗಿ ಎಲ್‌ಡ್ಯಾಪ್ ಬೈಂಡ್ (ಡೈರೆಕ್ಟರಿಯ ಜೊತೆ ಮಾತಾಡುವ ಎಲ್‌ಡ್ಯಾಪ್ ವಿಧಾನದಲ್ಲಿ ಲಾಗಿನ್) ಮಾಡುವ ಹಳೆಯ ಟಿಕೆಟ್ ಸಿಸ್ಟಮ್, ಪ್ರಿಂಟರ್, ವೈಫೈ ಸರ್ವರ್ ಇವುಗಳ ಮುಂದೆ ಏನಿದೆ? ಬರೀ ಪಾಸ್‌ವರ್ಡ್, ಅಲ್ವಾ? ಅಂಥ ಒಂದು ಬಾಗಿಲು ತೆರೆದಿದ್ದರೂ ಆ ಪಾಸ್‌ವರ್ಡ್ ಒಂಟಿಯಾಗಿ ಕಾವಲು ಕಾಯುತ್ತಿದೆ ಎಂದೇ ಲೆಕ್ಕ ಹಾಕಬೇಕು. ಮುಂದಿನ ಹಂತಗಳ ಅಂಕಿಗಳೆಲ್ಲ ಈ ಉತ್ತರದ ಮೇಲೆ ನಿಂತಿವೆ.

ಹಂತ 2: ದಾರಿ ಮತ್ತು ಗೂಡು ಭದ್ರ ಮಾಡಿ

ಎಲ್‌ಡ್ಯಾಪ್‌ನ ಸಿಂಪಲ್ ಬೈಂಡ್ ಪಾಸ್‌ವರ್ಡನ್ನು ಇದ್ದ ಹಾಗೇ ಕಳಿಸುತ್ತದೆ. ಪೋರ್ಟ್ 389ರಲ್ಲಿ ಎನ್‌ಕ್ರಿಪ್ಷನ್ ಇಲ್ಲದಿದ್ದರೆ, 30 ಅಕ್ಷರದ ಪಾಸ್‌ವರ್ಡೂ ದಾರಿಯಲ್ಲಿ ಓದಲು ಸಿಗುತ್ತದೆ. ಹಾಗಾಗಿ ಟಿಎಲ್‌ಎಸ್ ಎಂಬ ಎನ್‌ಕ್ರಿಪ್ಷನ್ ಕಡ್ಡಾಯ ಮಾಡಿ: 389ರಲ್ಲಿ ಸ್ಟಾರ್ಟ್‌ಟಿಎಲ್‌ಎಸ್ ಮೂಲಕ, ಇಲ್ಲವೇ 636ರಲ್ಲಿ ನೇರವಾಗಿ. ಎನ್‌ಕ್ರಿಪ್ಷನ್ ಇಲ್ಲದ ಬೈಂಡ್ ಬಂದರೆ ಸರ್ವರ್ ನಿರಾಕರಿಸಬೇಕು. ಸುಮ್ನೆ ಟಿಎಲ್‌ಎಸ್ ಆನ್ ಮಾಡಿದರೆ ಸಾಲದು. ಹಳೆಯ ದಾರಿ ಮುಚ್ಚದಿದ್ದರೆ ಹಳೆಯ ಅಪ್ಲಿಕೇಶನ್‌ಗಳು ಅದರಲ್ಲೇ ಓಡಾಡುತ್ತಿರುತ್ತವೆ.

ಇನ್ನು ಸಂಗ್ರಹ. 2012ರಲ್ಲಿ ಲಿಂಕ್ಡ್‌ಇನ್‌ನಿಂದ ಕದ್ದ ಹ್ಯಾಶ್‌ಗಳು ಸಾಲ್ಟ್ (ಪ್ರತಿ ಪಾಸ್‌ವರ್ಡಿಗೂ ಬೇರೆ ಬೇರೆಯಾಗಿ ಸೇರಿಸುವ ಯಾದೃಚ್ಛಿಕ ಅಕ್ಷರಗಳು) ಇಲ್ಲದ ಶಾ-1 ಆಗಿದ್ದವು, ಬೇಗ ಒಡೆದವು. ಸಾಲ್ಟ್ ಇದ್ದರೂ ಶಾ-1 ತುಂಬಾ ವೇಗದ ಹ್ಯಾಶ್, ಒಡೆಯುವವರಿಗೆ ಅದೇ ಅನುಕೂಲ. ನಮಗೆ ಬೇಕಾದ್ದು ನಿಧಾನವಾದ ಹ್ಯಾಶ್. ಆರ್ಗಾನ್2 ಇದ್ದರೆ ಅದು, ಇಲ್ಲದಿದ್ದರೆ ಪಿಬಿಕೆಡಿಎಫ್2 ಅಥವಾ ಬಿಕ್ರಿಪ್ಟ್. ಆರ್ಗಾನ್2 ಎನ್ನುವುದು 2015ರ ಪಾಸ್‌ವರ್ಡ್ ಹ್ಯಾಶಿಂಗ್ ಸ್ಪರ್ಧೆಯಲ್ಲಿ ಗೆದ್ದದ್ದು.

ಓಪನ್‌ಎಲ್‌ಡ್ಯಾಪ್ ಎಂಬ ಡೈರೆಕ್ಟರಿ ಸರ್ವರ್, ನಾವು ಏನೂ ಹೇಳದಿದ್ದರೆ, ಸಾಲ್ಟ್ ಹಾಕಿದ ಶಾ-1 ಬಳಸುತ್ತದೆ. ಆರ್ಗಾನ್2 ಮಾಡ್ಯೂಲನ್ನು ನಾವೇ ಲೋಡ್ ಮಾಡಬೇಕು. 389 ಡೈರೆಕ್ಟರಿ ಸರ್ವರ್ ಎಂಬ ಇನ್ನೊಂದು ಸಾಫ್ಟ್‌ವೇರ್‌ನ ಹೊಸ ಆವೃತ್ತಿಗಳು ಪಿಬಿಕೆಡಿಎಫ್2 ಜೊತೆಗೇ ಬರುತ್ತವೆ. ಮೈಕ್ರೋಸಾಫ್ಟ್‌ನ ಆಕ್ಟಿವ್ ಡೈರೆಕ್ಟರಿಯಲ್ಲಿ ಆಯ್ಕೆ ನಮ್ಮ ಕೈಯಲ್ಲಿಲ್ಲ. ಅದರ ಎನ್‌ಟಿ ಹ್ಯಾಶ್ ಸಾಲ್ಟ್ ಇಲ್ಲದ ಎಂಡಿ4, ಅದೂ ವೇಗದ ಹ್ಯಾಶೇ. ಹ್ಯಾಶ್ ಕಳುವಾದರೆ ಅಲ್ಲಿ ಕಾಪಾಡುವುದು ಪಾಸ್‌ವರ್ಡಿನ ಉದ್ದ ಮಾತ್ರ. ಇದನ್ನು ನೆನಪಿಟ್ಟುಕೊಂಡು ಮುಂದಿನ ಹಂತಕ್ಕೆ ಬನ್ನಿ.

ಹಂತ 3: ಉದ್ದ ಮತ್ತು ನಿಷೇಧ ಪಟ್ಟಿ

ಕೀಬೋರ್ಡಿನಲ್ಲಿ ಟೈಪ್ ಮಾಡಬಹುದಾದ 95 ಚಿಹ್ನೆಗಳಿಂದ 8 ಅಕ್ಷರದ ಪಾಸ್‌ವರ್ಡ್ ಮಾಡಿದರೆ ಸುಮಾರು 66 ಕೋಟಿ ಕೋಟಿ ಸಾಧ್ಯತೆಗಳು, ಅಂದರೆ 66 ಮುಂದೆ 14 ಸೊನ್ನೆ. ಬರೀ 26 ಸಣ್ಣ ಅಕ್ಷರಗಳಿಂದ 15 ಅಕ್ಷರದ ಪಾಸ್‌ವರ್ಡ್ ಮಾಡಿದರೆ ಅದರ ಸುಮಾರು 2.5 ಲಕ್ಷ ಪಟ್ಟು. ಚಿಹ್ನೆಯೂ ಇಲ್ಲ, ಅಂಕಿಯೂ ಇಲ್ಲ, ಬರೀ ಉದ್ದ. ಆದರೆ ಈ ಲೆಕ್ಕ ನಿಲ್ಲುವುದು ಮನಸ್ಸಿಗೆ ತೋಚಿದಂತೆ ಆರಿಸಿದ ಅಕ್ಷರಗಳಿಗಲ್ಲ, ಚೀಟಿ ಎತ್ತಿದ ಹಾಗೆ ಬಂದ ಅಕ್ಷರಗಳಿಗೆ ಮಾತ್ರ. ಜನ ಹಾಗೆ ಆರಿಸುವುದಿಲ್ಲ. ಒಂದು ದೊಡ್ಡಕ್ಷರ ಬೇಕು ಎಂದರೆ ಮೊದಲ ಅಕ್ಷರ ದೊಡ್ಡದಾಗುತ್ತದೆ. ಅಂಕಿ ಬೇಕು ಎಂದರೆ ಕೊನೆಗೆ 123 ಬರುತ್ತದೆ. ಚಿಹ್ನೆ ಬೇಕು ಎಂದರೆ ನಡುವೆ ಒಂದು ಅಟ್ ಚಿಹ್ನೆ. ಒಡೆಯುವ ಸಾಫ್ಟ್‌ವೇರ್‌ಗಳಿಗೆ ಈ ಅಭ್ಯಾಸಗಳೆಲ್ಲ ಬಾಯಿಪಾಠ. ಸಂಕೀರ್ಣತೆಯ ನಿಯಮ ತೆಗೆಯಲು ನನಗೆ ಕಾರಣ ಇದೇ. ಅದು ತಡೆಯುವ ದಾಳಿ ಯಾವುದು ಎಂಬ ಖಾನೆ ಖಾಲಿ ಉಳಿಯುತ್ತದೆ.

ಕನಿಷ್ಠ ಎಷ್ಟು? 2025ರಲ್ಲಿ ಅಂತಿಮವಾದ ನಿಸ್ಟ್‌ನ ನಾಲ್ಕನೇ ಪರಿಷ್ಕರಣೆ, ಪಾಸ್‌ವರ್ಡ್ ಒಂದೇ ಕಾವಲಿದ್ದರೆ 15, ಎಂಎಫ್‌ಎಯ ಒಂದು ಭಾಗವಾಗಿದ್ದರೆ 8 ಎನ್ನುತ್ತದೆ. ಹಂತ 1ರಲ್ಲಿ ನೋಡಿದ ಹಳೆಯ ಟಿಕೆಟ್ ಸಿಸ್ಟಮ್ ನೆನಪಿದೆಯಲ್ಲ? ಅಂಥದ್ದು ಒಂದಿದ್ದರೂ 15 ಹಾಕಿ. ಅಂಥ ಬಾಗಿಲು ಇಲ್ಲದ ಎಂಟರ್‌ಪ್ರೈಸ್ ಡೈರೆಕ್ಟರಿಯನ್ನು ನಾನಂತೂ ನೋಡಿಲ್ಲ. ಗರಿಷ್ಠ ಕಡಿಮೆಯೆಂದರೂ 64 ಇರಲಿ. ನಡುವೆ ಸ್ಪೇಸ್ ಬಿಡಲು ಅವಕಾಶ ಕೊಡಿ. ಪೇಸ್ಟ್ ಮಾಡುವುದನ್ನು ತಡೆಯಬೇಡಿ, ತಡೆದರೆ ಪಾಸ್‌ವರ್ಡ್ ಮ್ಯಾನೇಜರ್ ಬಳಸುವವರಿಗೇ ಏಟು.

15 ಅಕ್ಷರ ಎಂದರೆ ಜನ ಗಾಬರಿಯಾಗುತ್ತಾರೆ. ಆಗ ಪದಗಳ ಸಾಲು ತೋರಿಸಿ. ಮೋಡ, ಏಣಿ, ಗಡಿಯಾರ, ಬೆಣಚುಕಲ್ಲು. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದ. ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿದರೆ 25 ದಾಟುತ್ತದೆ, ಎರಡು ದಿನದಲ್ಲಿ ಬೆರಳಿಗೆ ಕೂರುತ್ತದೆ. ಇದೇ ಉದಾಹರಣೆಯನ್ನು ಯಾರೂ ಬಳಸಬಾರದು ಎಂದೂ ಹೇಳಿ, ನಿಷೇಧ ಪಟ್ಟಿಗೂ ಸೇರಿಸಿ.

ಕನ್ನಡ ಲಿಪಿಯಲ್ಲೇ ಪಾಸ್‌ವರ್ಡ್ ಇಡುವವರಿಗಾಗಿ ಒಂದು ಮಾತು. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ವಿಧಾನದಲ್ಲಿ ಕನ್ನಡದ ಒಂದು ಚಿಹ್ನೆಗೆ 3 ಬೈಟ್. "ಕೀ" ಎಂಬ ಒಂದು ಅಕ್ಷರ ಒಳಗೆ ಎರಡು ಚಿಹ್ನೆ, ಅಂದರೆ 6 ಬೈಟ್. ಸರ್ವರ್ ಬೈಟ್ ಎಣಿಸುತ್ತಿದ್ದರೆ 15ರ ನಿಯಮವನ್ನು ಬರೀ 5 ಚಿಹ್ನೆ ದಾಟಿಬಿಡುತ್ತದೆ. ಬಿಕ್ರಿಪ್ಟ್ 72 ಬೈಟ್‌ವರೆಗೆ ಮಾತ್ರ ನೋಡುವುದರಿಂದ 24 ಚಿಹ್ನೆಗಳ ನಂತರ ಬರೆದದ್ದೆಲ್ಲ ವ್ಯರ್ಥ. ಇನ್ನೊಂದು ಇದಕ್ಕಿಂತ ಕಷ್ಟದ್ದು. "ಕೊ" ಎಂಬುದರ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎರಡು ಚಿಹ್ನೆ ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಹ್ಯಾಶ್ ಬೇರೆ ಬೇರೆ. ಕಂಪ್ಯೂಟರಿನಲ್ಲಿ ಇಟ್ಟ ಪಾಸ್‌ವರ್ಡ್ ಫೋನಿನಲ್ಲಿ ನಡೆಯದೆ ಹೋಗಬಹುದು. ಲಾಗಿನ್ ಪುಟವೋ ಸರ್ವರೋ ಯೂನಿಕೋಡ್ ನಾರ್ಮಲೈಸೇಶನ್ (ಎರಡೂ ರೂಪಗಳನ್ನು ಒಂದೇ ಮಾಡುವುದು) ಮಾಡುತ್ತದೆಯೇ ಎಂದು ಪರೀಕ್ಷೆ ಮಾಡಿ ನೋಡಿ, ಆಮೇಲೆ ಅನುಮತಿ ಕೊಡಿ.

ನಿಷೇಧ ಪಟ್ಟಿಯೇ ಈ ಹಂತದ ಜೀವ. 2009ರಲ್ಲಿ ರಾಕ್‌ಯೂ ಎಂಬ ಕಂಪನಿಯಿಂದ ಸುಮಾರು 3.2 ಕೋಟಿ ಪಾಸ್‌ವರ್ಡ್‌ಗಳು ಹ್ಯಾಶ್ ಕೂಡ ಇಲ್ಲದೆ ಹೊರಬಂದವು. ಆ ಪಟ್ಟಿ ಇವತ್ತಿಗೂ ಒಡೆಯುವವರ ಮೊದಲ ಪುಸ್ತಕ. ಸೋರಿದ ಪಾಸ್‌ವರ್ಡ್‌ಗಳನ್ನು ಹುಡುಕಲು ಹ್ಯಾವ್ ಐ ಬೀನ್ ಪೋನ್ಡ್ ಸೇವೆ ಇದೆ. ಅದಕ್ಕೆ ಪಾಸ್‌ವರ್ಡ್ ಕಳಿಸಬೇಕಿಲ್ಲ. ಅದರ ಶಾ-1 ಹ್ಯಾಶ್‌ನ ಮೊದಲ 5 ಅಕ್ಷರ ಕಳಿಸಿದರೆ, ಹಾಗೆ ಶುರುವಾಗುವ ಎಲ್ಲ ಹ್ಯಾಶ್‌ಗಳನ್ನು ಕೊಡುತ್ತದೆ. ನಮ್ಮದು ಅದರಲ್ಲಿದೆಯೇ ಎಂದು ನಾವೇ ನೋಡಿಕೊಳ್ಳುತ್ತೇವೆ. ಪೂರ್ತಿ ಪಟ್ಟಿ ಇಳಿಸಿಕೊಂಡು ಇಂಟರ್ನೆಟ್ ಇಲ್ಲದೆಯೂ ಬಳಸಬಹುದು. ಇದರ ಜೊತೆ ಸಂಸ್ಥೆಯ ಹೆಸರು, ಉತ್ಪನ್ನಗಳ ಹೆಸರು, ಕಚೇರಿ ಇರುವ ಜಾಗದ ಹೆಸರು, ತಿಂಗಳು ಮತ್ತು ವರ್ಷ ಸೇರಿಸಿ ಮಾಡುವ ಪದಗಳನ್ನೂ ಹಾಕಿ. ಸ್ಪ್ರೇ ಮಾಡುವವರು ಮೊದಲು ಪ್ರಯತ್ನಿಸುವುದೇ ಇವನ್ನು.

ಇದನ್ನು ಜೋಡಿಸುವುದು ಎಲ್ಲಿ? ಓಪನ್‌ಎಲ್‌ಡ್ಯಾಪ್‌ನಲ್ಲಿ ಪಾಸ್‌ವರ್ಡ್ ಪರೀಕ್ಷಿಸುವ ಮಾಡ್ಯೂಲ್ ಸೇರಿಸಬೇಕು. 389 ಡೈರೆಕ್ಟರಿ ಸರ್ವರ್‌ನಲ್ಲಿ ಡಿಕ್ಷನರಿ ಪರೀಕ್ಷೆ ಮತ್ತು ಕೆಟ್ಟ ಪದಗಳ ಪಟ್ಟಿ ಒಳಗೇ ಇವೆ. ಆಕ್ಟಿವ್ ಡೈರೆಕ್ಟರಿಗೆ ಮೈಕ್ರೋಸಾಫ್ಟ್‌ನದ್ದೇ ಎಂಟ್ರಾ ಪಾಸ್‌ವರ್ಡ್ ಪ್ರೊಟೆಕ್ಷನ್ ಇದೆ, ಅದರಲ್ಲಿ ನಮ್ಮದೇ 1000 ಪದ ಸೇರಿಸಬಹುದು. ಅದಕ್ಕೆ ಆಡಿಟ್ ಮೋಡ್ ಇರುವುದು ದೊಡ್ಡ ಉಪಕಾರ. ಯಾರನ್ನೂ ತಡೆಯದೆ, ತಡೆದಿದ್ದರೆ ಎಷ್ಟು ಜನ ಸಿಕ್ಕಿಬೀಳುತ್ತಿದ್ದರು ಎಂದು ಮೊದಲು ಲಾಗ್‌ನಲ್ಲಿ ನೋಡಬಹುದು.

ಇಲ್ಲಿ ಒಂದು ಗುಂಡಿ ಇದೆ. ಯಾವುದೋ ಸ್ಕ್ರಿಪ್ಟ್ ಮೊದಲೇ ಹ್ಯಾಶ್ ಮಾಡಿದ ಪಾಸ್‌ವರ್ಡನ್ನು ಡೈರೆಕ್ಟರಿಗೆ ಬರೆದರೆ, ಸರ್ವರ್‌ಗೆ ಅದರ ಉದ್ದವೂ ತಿಳಿಯುವುದಿಲ್ಲ, ಗುಣವೂ ತಿಳಿಯುವುದಿಲ್ಲ. ಎಲ್‌ಡ್ಯಾಪ್ ಪಾಲಿಸಿಯ ಚೆಕ್ ಕ್ವಾಲಿಟಿ ಎಂಬ ಸೆಟ್ಟಿಂಗ್‌ಗೆ 1 ಕೊಟ್ಟರೆ ಇಂಥದ್ದನ್ನು ಒಪ್ಪಿಕೊಳ್ಳುತ್ತದೆ. 2 ಕೊಟ್ಟರೆ, ಪರೀಕ್ಷಿಸಲು ಆಗದ್ದನ್ನು ನಿರಾಕರಿಸುತ್ತದೆ. 2 ಕೊಡಿ. ಪಾಸ್‌ವರ್ಡ್ ಬದಲಿಸುವ ಪುಟಗಳೆಲ್ಲ 2001ರ ಆರ್‌ಎಫ್‌ಸಿ 3062 ಎಂಬ ಇಂಟರ್ನೆಟ್ ಮಾನದಂಡದಲ್ಲಿರುವ ಪಾಸ್‌ವರ್ಡ್ ಮಾಡಿಫೈ ವಿಧಾನ ಬಳಸಲಿ. ಆಗ ಹ್ಯಾಶ್ ಮಾಡುವ ಕೆಲಸ ಸರ್ವರ್‌ನದ್ದೇ ಆಗುತ್ತದೆ.

ಹಂತ 4: ಅವಧಿ

ಜನರ ಪಾಸ್‌ವರ್ಡ್‌ಗೆ ಅವಧಿ ಹಾಕಬೇಡಿ. ಸೋರಿದೆ ಎಂಬ ಸುಳಿವು ಸಿಕ್ಕ ದಿನವೇ ಬದಲಾಯಿಸಿ, 90 ದಿನ ಕಾಯಬೇಡಿ. 2010ರಲ್ಲಿ ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯದ ಸಂಶೋಧಕರು, ಅವಧಿ ಮುಗಿದ ಹಳೆಯ ಪಾಸ್‌ವರ್ಡ್‌ಗಳಿಂದ ಹೊಸದನ್ನು ಊಹಿಸಬಹುದೇ ಎಂದು ನೋಡಿದರು. ಸುಮಾರು 17 ಪ್ರತಿಶತ ಅಕೌಂಟುಗಳಲ್ಲಿ 5 ಊಹೆಗಳ ಒಳಗೇ ಹೊಸದು ಸಿಕ್ಕಿತು. ಜನ ಕೊನೆಯ ಅಂಕಿಯನ್ನು ಒಂದು ಏರಿಸಿ ಮುಂದೆ ಹೋಗುತ್ತಾರೆ, ಅಷ್ಟೇ. ಮೈಕ್ರೋಸಾಫ್ಟ್ ಕೂಡ 2019ರಲ್ಲಿ ವಿಂಡೋಸ್‌ನ ಭದ್ರತಾ ಬೇಸ್‌ಲೈನ್‌ನಿಂದ ಅವಧಿಯನ್ನು ಕೈಬಿಟ್ಟಿತು.

ಪೇಮೆಂಟ್ ಕಾರ್ಡಿನ ಮಾಹಿತಿ ಮುಟ್ಟುವ ವ್ಯವಸ್ಥೆಗಳಾದರೆ ಕಾರ್ಡ್ ಉದ್ಯಮದ ಭದ್ರತಾ ಮಾನದಂಡ ಪಿಸಿಐ ಡಿಎಸ್‌ಎಸ್ 4.0.1 ನೋಡಬೇಕು. ಅದು 12 ಅಕ್ಷರ, ಹಿಂದಿನ 4 ಪಾಸ್‌ವರ್ಡ್ ಮತ್ತೆ ಬಳಸಬಾರದು, ಹೆಚ್ಚೆಂದರೆ 10 ತಪ್ಪು ಪ್ರಯತ್ನ, ಕನಿಷ್ಠ 30 ನಿಮಿಷ ಲಾಕ್ ಎನ್ನುತ್ತದೆ. ಪಾಸ್‌ವರ್ಡ್ ಒಂದೇ ಕಾವಲಿದ್ದರೆ 90 ದಿನದ ಮಾತೂ ಇದೆ. ಆ ಅಕೌಂಟುಗಳಿಗೆ ಎಂಎಫ್‌ಎ ಹಾಕಿದರೆ 90 ದಿನದ ಕಾಟ ತಪ್ಪುತ್ತದೆ. ನನ್ನ ಮಟ್ಟಿಗೆ ಅದೇ ಒಳ್ಳೆಯ ದಾರಿ.

ಅವಧಿ ಹಾಕಲೇಬೇಕಾಗಿ ಬಂದರೆ ಗ್ರೇಸ್ ಲಾಗಿನ್ ಬಗ್ಗೆ ಎಚ್ಚರ. ಅವಧಿ ಮುಗಿದ ಮೇಲೂ ಇಷ್ಟು ಸಲ ಒಳಗೆ ಬರಬಹುದು, ಅಷ್ಟರಲ್ಲಿ ಬದಲಾಯಿಸಿಕೊಳ್ಳಲಿ ಎಂಬುದು ಅದರ ಉದ್ದೇಶ. 3 ಎಂದು ಹಾಕಿದಿರಿ ಎಂದುಕೊಳ್ಳಿ. ಉದ್ಯೋಗಿಯ ಫೋನಿನ ಮೇಲ್ ಆಪ್ 5 ನಿಮಿಷಕ್ಕೊಮ್ಮೆ ಲಾಗಿನ್ ಆಗುತ್ತದೆ. 15 ನಿಮಿಷದಲ್ಲಿ ಮೂರೂ ಖರ್ಚು. ಪಾಪ, ಆ ಮನುಷ್ಯ ಇನ್ನೂ ಮನೆಯಿಂದ ಹೊರಟಿರುವುದಿಲ್ಲ. ಅವಧಿ ಮುಗಿಯುವ ಎಚ್ಚರಿಕೆಯೂ ಹೀಗೆಯೇ. ಸರ್ವರ್ ಅದನ್ನು ಕಳಿಸುವುದು ಲಾಗಿನ್ ಮಾಡುವ ಅಪ್ಲಿಕೇಶನ್ ತನ್ನ ಬೈಂಡ್ ಜೊತೆ ಪಾಸ್‌ವರ್ಡ್ ಪಾಲಿಸಿ ಕಂಟ್ರೋಲ್ ಎಂಬ ಗುರುತು ಕಳಿಸಿ ಕೇಳಿದರೆ ಮಾತ್ರ. ಬಹಳಷ್ಟು ಅಪ್ಲಿಕೇಶನ್‌ಗಳು ಕೇಳುವುದೇ ಇಲ್ಲ. ಎಚ್ಚರಿಕೆಯನ್ನು ಮೇಲ್‌ನಲ್ಲಿ ಬೇರೆಯಾಗಿ ಕಳಿಸಿ.

ಹಂತ 5: ಲಾಕ್‌ಔಟ್

ಲಾಕ್‌ಔಟ್ ತಡೆಯುವುದು ಒಂದೇ ಅಕೌಂಟಿನ ಮೇಲೆ ನಡೆಯುವ ಊಹೆಯನ್ನು. ಆ ಕೆಲಸಕ್ಕೆ 3 ಸಲದ ಮಿತಿ ಬೇಕಿಲ್ಲ. ಲೆಕ್ಕ ನೋಡಿ. 10 ತಪ್ಪಿಗೆ 30 ನಿಮಿಷ ಲಾಕ್ ಎಂದರೆ, ಪ್ರತಿ ಸಲ ಲಾಕ್ ಆಗುವವರೆಗೆ ಊಹಿಸುವ ದಾಳಿಕೋರನಿಗೆ ದಿನಕ್ಕೆ ಸುಮಾರು 480 ಊಹೆ. ವರ್ಷವಿಡೀ ಕೂತರೂ ಸುಮಾರು 1.75 ಲಕ್ಷ. ಸೋರಿದ ಪಾಸ್‌ವರ್ಡ್‌ಗಳನ್ನು ಹಂತ 3ರಲ್ಲೇ ಹೊರಗಿಟ್ಟಿದ್ದರೆ, 15 ಅಕ್ಷರದ ಪಾಸ್‌ವರ್ಡಿನ ಮುಂದೆ ಅದು ಏನೂ ಅಲ್ಲ. 3ರ ಮಿತಿಯಿಂದ ನಿಜವಾಗಿ ಸಿಕ್ಕಿಬೀಳುವವರು ಪಾಸ್‌ವರ್ಡ್ ಬದಲಿಸಿ, ಟ್ಯಾಬ್ಲೆಟ್‌ನಲ್ಲಿ ಹಳೆಯದನ್ನೇ ಬಿಟ್ಟುಬಂದ ನಮ್ಮವರೇ.

ಹಾಗಾಗಿ ಹೀಗೆ ಹಾಕಿ: ಮಿತಿ 10, ಎಣಿಕೆ ಮರೆಯುವ ಅವಧಿ 15 ನಿಮಿಷ, ಲಾಕ್ 30 ನಿಮಿಷ, ಆಮೇಲೆ ತಾನಾಗಿಯೇ ತೆರೆಯಲಿ. ಎಲ್‌ಡ್ಯಾಪ್ ಪಾಲಿಸಿಯಲ್ಲಿ ಎರಡು ಸೊನ್ನೆಗಳ ಅರ್ಥ ಗೊತ್ತಿರಲಿ. ಲಾಕ್ ಅವಧಿಗೆ 0 ಕೊಟ್ಟರೆ ಅಡ್ಮಿನ್ ಬಂದು ತೆರೆಯುವವರೆಗೂ ಲಾಕ್. ಎಣಿಕೆ ಮರೆಯುವ ಅವಧಿಗೆ 0 ಕೊಟ್ಟರೆ, ಸರಿಯಾದ ಲಾಗಿನ್ ಆಗುವವರೆಗೂ ತಪ್ಪುಗಳು ಉಳಿದುಕೊಳ್ಳುತ್ತವೆ. ಎರಡೂ 0 ಇದ್ದರೆ, ಯಾರ ಹೆಸರು ಗೊತ್ತಿದ್ದರೂ ಸಾಕು, ಅವರನ್ನು ಹೊರಗಿಡಬಹುದು. ಎಲ್ಲರ ಹೆಸರೂ ಮೇಲ್ ವಿಳಾಸದಲ್ಲೇ ಇದೆ. ಒಂದು ಸಣ್ಣ ಸ್ಕ್ರಿಪ್ಟ್ ಇಡೀ ಸಂಸ್ಥೆಯನ್ನು ಲಾಕ್ ಮಾಡಬಲ್ಲದು.

ಸರ್ವರ್ ಒಂದಕ್ಕಿಂತ ಹೆಚ್ಚಿದ್ದರೆ ಎಣಿಕೆ ಎಲ್ಲಿ ನಡೆಯುತ್ತದೆ ಎಂದು ನೋಡಿ. ಓಪನ್‌ಎಲ್‌ಡ್ಯಾಪ್‌ನ ಓದಲು ಮಾತ್ರ ಇರುವ ರೆಪ್ಲಿಕಾಗಳು (ನಕಲು ಸರ್ವರ್‌ಗಳು), ಬೇರೆ ಹೇಳದಿದ್ದರೆ, ತಪ್ಪುಗಳನ್ನು ತಮ್ಮಲ್ಲೇ ಎಣಿಸಿಕೊಳ್ಳುತ್ತವೆ. 4 ರೆಪ್ಲಿಕಾ, ಮಿತಿ 10 ಎಂದರೆ ನಿಜವಾದ ಮಿತಿ 40. ಎಣಿಕೆಯನ್ನು ಮುಖ್ಯ ಸರ್ವರ್‌ಗೆ ಕಳಿಸುವ ಫಾರ್ವರ್ಡ್ ಅಪ್‌ಡೇಟ್ಸ್ ಸೆಟ್ಟಿಂಗ್ ಇದೆ, ಅದನ್ನು, ಬದಲಾವಣೆಗಳನ್ನು ಮುಖ್ಯ ಸರ್ವರ್‌ಗೆ ದಾಟಿಸುವ ಚೈನಿಂಗ್ ಜೊತೆ ಬಳಸಬೇಕು. ಆಕ್ಟಿವ್ ಡೈರೆಕ್ಟರಿಯಲ್ಲಿ ತಪ್ಪು ಎಣಿಕೆ ಡೊಮೇನ್ ಕಂಟ್ರೋಲರ್‌ಗಳ, ಅಂದರೆ ಅಲ್ಲಿನ ಡೈರೆಕ್ಟರಿ ಸರ್ವರ್‌ಗಳ, ನಡುವೆ ರೆಪ್ಲಿಕೇಟ್ ಆಗುವುದಿಲ್ಲ, ಆದರೆ ತಪ್ಪು ಪಾಸ್‌ವರ್ಡ್ ಬಂದಾಗ ಅವು ತಮ್ಮಲ್ಲೇ ಮುಖ್ಯವಾದ ಪಿಡಿಸಿ ಎಮ್ಯುಲೇಟರನ್ನು ಕೇಳುತ್ತವೆ. ಅಲ್ಲಿ ಇನ್ನೊಂದು ಒಳ್ಳೆಯ ಗುಣವಿದೆ. ಬಂದ ತಪ್ಪು ಪಾಸ್‌ವರ್ಡ್ ಅದೇ ವ್ಯಕ್ತಿಯ ಹಿಂದಿನ ಎರಡರಲ್ಲಿ ಒಂದಾಗಿದ್ದರೆ ಎಣಿಕೆ ಏರುವುದಿಲ್ಲ. ಮರೆತ ಟ್ಯಾಬ್ಲೆಟ್ ಆಗ ಯಾರನ್ನೂ ಲಾಕ್ ಮಾಡದು.

ಸ್ಪ್ರೇಯನ್ನು ಲಾಕ್‌ಔಟ್ ಹಿಡಿಯುವುದೇ ಇಲ್ಲ. 2000 ಅಕೌಂಟಿನ ಮೇಲೆ ಒಂದೊಂದು ಪ್ರಯತ್ನ ಮಾಡಿದರೆ 2000 ಊಹೆ ನಡೆದುಹೋಯಿತು, ಯಾವ ಅಕೌಂಟಿನ ಎಣಿಕೆಯೂ 1 ದಾಟಲಿಲ್ಲ. ಇದನ್ನು ಹಿಡಿಯಲು ಲಾಗ್ ಬೇಕು. ಒಂದೇ ಐಪಿಯಿಂದ 10 ನಿಮಿಷದಲ್ಲಿ ಎಷ್ಟು ಬೇರೆ ಬೇರೆ ಹೆಸರುಗಳಿಗೆ ಎರರ್ 49 (ಬೈಂಡ್ ಒಪ್ಪಲಿಲ್ಲ ಎಂಬ ಎಲ್‌ಡ್ಯಾಪ್ ಉತ್ತರ) ಬಂತು ಎಂದು ಎಣಿಸಿ, 20 ದಾಟಿದರೆ ಎಚ್ಚರಿಕೆ ಹೋಗಲಿ. ಆದರೆ ಡೈರೆಕ್ಟರಿಗೆ ಕಾಣುವುದು ವೆಬ್ ಅಪ್ಲಿಕೇಶನ್‌ನ ಐಪಿ, ದಾಳಿಕೋರನದ್ದಲ್ಲ. ಅಪ್ಲಿಕೇಶನ್ ತನ್ನ ಲಾಗ್‌ನಲ್ಲಿ ಮೂಲ ಐಪಿ ಬರೆಯುತ್ತದೆಯೇ, ಆ ಲಾಗ್ ನಿಮ್ಮ ಕೈಗೆ ಬರುತ್ತದೆಯೇ ಎಂದು ಕೇಳಿ ತಿಳಿದುಕೊಳ್ಳಿ.

ಹಂತ 6: ಬದಲಾವಣೆ ಮತ್ತು ರೀಸೆಟ್

ತಾವೇ ಬದಲಿಸುವಾಗ ಹಳೆಯ ಪಾಸ್‌ವರ್ಡ್ ಕೇಳಬೇಕು, ಸೇಫ್ ಮಾಡಿಫೈ ಎಂಬ ಸೆಟ್ಟಿಂಗ್ ಇದಕ್ಕೇ ಇದೆ. ತೆರೆದಿಟ್ಟು ಹೋದ ಕಂಪ್ಯೂಟರ್ ಮುಂದೆ ಕೂತವನು ಅಕೌಂಟನ್ನೇ ಕಸಿದುಕೊಳ್ಳಬಾರದು. ಸಹಾಯ ಡೆಸ್ಕ್ ರೀಸೆಟ್ ಮಾಡಿದ ಪಾಸ್‌ವರ್ಡ್ ಮೊದಲ ಲಾಗಿನ್‌ನಲ್ಲೇ ಬದಲಾಗಬೇಕು, ಇದಕ್ಕೆ ಮಸ್ಟ್ ಚೇಂಜ್. ಗುಟ್ಟಿನ ಪ್ರಶ್ನೆಗಳು ಬೇಡ. ಓದಿದ ಶಾಲೆಯ ಹೆಸರು ಗುಟ್ಟೇ ಅಲ್ಲ. ರೀಸೆಟ್ ಕೇಳಿ ಫೋನ್ ಮಾಡಿದವರು ಅವರೇ ಎಂದು ತಿಳಿಯಲು, ದಾಖಲೆಯಲ್ಲಿರುವ ನಂಬರ್‌ಗೆ ಸಹಾಯ ಡೆಸ್ಕೇ ತಿರುಗಿ ಕರೆ ಮಾಡಲಿ.

ಹಂತ 7: ಸರ್ವಿಸ್ ಅಕೌಂಟುಗಳು

ಹಿಂದೊಮ್ಮೆ ಕೆಲಸ ಮಾಡುತ್ತಿದ್ದ ಕಡೆ ಎಲ್ಲ ಅಕೌಂಟುಗಳಿಗೂ ಒಂದೇ ಪಾಲಿಸಿ ಹಾಕಿದ್ದೆ, 90 ದಿನದ ಅವಧಿಯ ಸಮೇತ. ತೊಂಬತ್ತೊಂದನೇ ದಿನ ಬೆಳಿಗ್ಗೆ ಮೇಲ್ ನಿಂತಿತು, ವಿಪಿಎನ್ ನಿಂತಿತು. ಡೈರೆಕ್ಟರಿ ಸರ್ವರ್ ಮಾತ್ರ ಆರೋಗ್ಯವಾಗಿತ್ತು. ಲಾಗ್ ತುಂಬ ಎರರ್ 49. ಮೇಲ್ ಗೇಟ್‌ವೇ ಯಾರನ್ನಾದರೂ ಹುಡುಕಬೇಕಾದರೆ ಮೊದಲು ತನ್ನ ಅಕೌಂಟಿನಿಂದ ಬೈಂಡ್ ಮಾಡಬೇಕು. ಆ ಅಕೌಂಟಿನ ಅವಧಿ ಮುಗಿದಿತ್ತು. ಎಚ್ಚರಿಕೆ ಹೋಗಿದ್ದರೂ ಓದುವವರು ಯಾರಿದ್ದರು, ಅದು ಯಂತ್ರ ತಾನೇ. ಹೊಸ ಪಾಸ್‌ವರ್ಡ್ ಹಾಕಿದೆವು. ಅದು ಎಷ್ಟು ಕಡೆ ಬರೆದಿಟ್ಟಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಒಂದು ಕಡೆ ಹಳೆಯದೇ ಉಳಿದು, ಅದು ಪ್ರಯತ್ನಿಸುತ್ತಲೇ ಇದ್ದು, ಅಕೌಂಟ್ ಮತ್ತೆ ಲಾಕ್ ಆಯಿತು. ಮಧ್ಯಾಹ್ನದವರೆಗೂ ಇದೇ ನಡೆಯಿತು.

ಅಂದಿನಿಂದ ಸರ್ವಿಸ್ ಅಕೌಂಟುಗಳಿಗೆ ಬೇರೆಯೇ ಪಾಲಿಸಿ ಬರೆಯುತ್ತೇನೆ. ಯಂತ್ರವೇ ಹುಟ್ಟಿಸಿದ 32 ಅಕ್ಷರದ ಪಾಸ್‌ವರ್ಡ್. ಅವಧಿ ಇಲ್ಲ, ಲಾಕ್‌ಔಟ್ ಇಲ್ಲ. ಅಷ್ಟು ಉದ್ದದ ಪಾಸ್‌ವರ್ಡನ್ನು ಊಹಿಸಲಾಗದು, ಹಾಗಾಗಿ ಲಾಕ್‌ಔಟ್ ಅಲ್ಲಿ ತಡೆಯುವ ದಾಳಿ ಇಲ್ಲ. ಬದಲಿಗೆ ಆ ಅಕೌಂಟು ಯಾವ ಐಪಿಯಿಂದ ಬರಬಹುದು, ಏನನ್ನು ಓದಬಹುದು ಎಂದು ಬಿಗಿ ಮಾಡುತ್ತೇನೆ. ಪ್ರತಿ ಅಕೌಂಟಿಗೂ ಒಬ್ಬ ಒಡೆಯರ ಹೆಸರು, ಪಾಸ್‌ವರ್ಡ್ ಬರೆದಿಟ್ಟ ಜಾಗಗಳ ಪಟ್ಟಿ ಇರಬೇಕು. ಒಡೆಯರು ಕೆಲಸ ಬಿಟ್ಟ ದಿನ ಬದಲಾವಣೆ. ಆಕ್ಟಿವ್ ಡೈರೆಕ್ಟರಿ ಇದ್ದರೆ ವಿಂಡೋಸ್ ಸರ್ವರ್ 2012ರಿಂದ ಬಂದ ಜಿಎಂಎಸ್‌ಎ ಎಂಬ ಬಗೆಯ ಸರ್ವಿಸ್ ಅಕೌಂಟ್ ಬಳಸಿ. ಅದು ತಾನೇ 30 ದಿನಕ್ಕೊಮ್ಮೆ ಪಾಸ್‌ವರ್ಡ್ ಬದಲಿಸಿಕೊಳ್ಳುತ್ತದೆ, ಯಾರೂ ನೋಡುವುದೂ ಇಲ್ಲ, ಬರೆದಿಡುವುದೂ ಇಲ್ಲ.

ಹಂತ 8: ಯಾರಿಗೆ ಯಾವ ಪಾಲಿಸಿ

ಮೂರು ಸಾಕು: ಜನ, ಅಡ್ಮಿನ್, ಸರ್ವಿಸ್. ಅದಕ್ಕಿಂತ ಜಾಸ್ತಿ ಮಾಡಿದರೆ ಯಾರಿಗೆ ಯಾವುದು ತಾಗುತ್ತಿದೆ ಎಂಬುದು ನಮಗೇ ಮರೆತುಹೋಗುತ್ತದೆ.

ಆಕ್ಟಿವ್ ಡೈರೆಕ್ಟರಿಯಲ್ಲಿ ವಿಂಡೋಸ್ ಸರ್ವರ್ 2008ರಿಂದ ಬೇರೆ ಬೇರೆಯವರಿಗೆ ಬೇರೆ ನಿಯಮ ಹಾಕುವ ಫೈನ್ ಗ್ರೇನ್ಡ್ ಪಾಲಿಸಿ ಇದೆ. ಅದನ್ನು ಓಯುಗೆ (ಡೈರೆಕ್ಟರಿಯ ಒಳಗಿನ ವಿಭಾಗಕ್ಕೆ) ಹಾಕಲು ಬರುವುದಿಲ್ಲ. ಬಳಕೆದಾರರಿಗೆ ಅಥವಾ ಗ್ಲೋಬಲ್ ಸೆಕ್ಯೂರಿಟಿ ಗ್ರೂಪಿಗೆ ಮಾತ್ರ. ಒಬ್ಬರು ಎರಡು ಗ್ರೂಪಿನಲ್ಲಿದ್ದರೆ ಪ್ರಿಸಿಡೆನ್ಸ್ ಸಂಖ್ಯೆ ಚಿಕ್ಕದಿರುವ ಪಾಲಿಸಿ ಗೆಲ್ಲುತ್ತದೆ. ಅಡ್ಮಿನ್ ಪಾಲಿಸಿಗೆ 10, ಸರ್ವಿಸ್‌ಗೆ 20, ಜನರಿಗೆ 30 ಹೀಗೆ ನಡುವೆ ಜಾಗ ಬಿಟ್ಟು ಕೊಡಿ. ಓಪನ್‌ಎಲ್‌ಡ್ಯಾಪ್‌ನಲ್ಲಿ ಡಿಫಾಲ್ಟ್ ಪಾಲಿಸಿ ಒಂದು. ಬೇರೆಯದು ಬೇಕಾದ ಅಕೌಂಟಿನ ಎಂಟ್ರಿಯಲ್ಲೇ ಆ ಪಾಲಿಸಿಯ ಹೆಸರು ಬರೆಯಬೇಕು. ಹೊಸ ಅಕೌಂಟ್ ಮಾಡುವ ಸ್ಕ್ರಿಪ್ಟ್ ಈ ಸಾಲು ಬರೆಯಲು ಮರೆತರೆ, ಸರ್ವಿಸ್ ಅಕೌಂಟು ಜನರ ಪಾಲಿಸಿಗೆ ಬಿದ್ದು ಲಾಕ್ ಆಗುತ್ತದೆ. ಅಲ್ಲಿನ ರೂಟ್ ಡಿಎನ್‌ಗೆ (ಎಲ್ಲ ಅಧಿಕಾರ ಇರುವ ಅಕೌಂಟಿಗೆ) ಯಾವ ಪಾಲಿಸಿಯೂ ತಾಗದು. ಅದರ ಪಾಸ್‌ವರ್ಡ್ ತುಂಬಾ ಉದ್ದವಿರಲಿ, ದಿನದ ಕೆಲಸಕ್ಕೆ ಬಳಸಬೇಡಿ.

ಹಂತ 9: ಪರೀಕ್ಷೆ

ಪರೀಕ್ಷೆಗೆಂದೇ ಒಂದು ಅಕೌಂಟ್ ಮಾಡಿ. 10 ಸಲ ತಪ್ಪು ಪಾಸ್‌ವರ್ಡ್ ಕೊಡಿ. ಹನ್ನೊಂದನೇ ಸಲ ಸರಿಯಾದದ್ದು ಕೊಡಿ. ಒಳಗೆ ಬಿಡಬಾರದು. ಈಗ ಆ ಎಂಟ್ರಿಯನ್ನು ಹುಡುಕಿ ನೋಡಿದರೆ ಲಾಕ್ ಆದ ಗುರುತೇ ಕಾಣುವುದಿಲ್ಲ. ಅವು ಆಪರೇಷನಲ್ ಆಟ್ರಿಬ್ಯೂಟ್‌ಗಳು, ಅಂದರೆ ಸರ್ವರ್ ತನಗಾಗಿ ಬರೆದುಕೊಂಡು, ಕೇಳದೆ ತೋರಿಸದ ವಿವರಗಳು. ಹುಡುಕುವ ಕಮಾಂಡಿನ ಕೊನೆಗೆ ಒಂದು ಪ್ಲಸ್ ಚಿಹ್ನೆ ಹಾಕಿದರೆ ಹೊರಬರುತ್ತವೆ: ಪ್ರತಿ ತಪ್ಪಿನ ಸಮಯ, ಲಾಕ್ ಆದ ಸಮಯ, ಎಂಟ್ರಿಯಲ್ಲೇ ಬೇರೆ ಪಾಲಿಸಿ ಬರೆದಿದ್ದರೆ ಅದರ ಹೆಸರು. ಸಮಯ ಯುಟಿಸಿಯಲ್ಲಿರುತ್ತದೆ, ನಿಮ್ಮ ಗಡಿಯಾರದ ಜೊತೆ ಹೋಲಿಸಿ ಗೊಂದಲ ಮಾಡಿಕೊಳ್ಳಬೇಡಿ. ಆಕ್ಟಿವ್ ಡೈರೆಕ್ಟರಿಯಲ್ಲಾದರೆ ಎರರ್ 49ರ ಜೊತೆ ಬರುವ ಡೇಟಾ ಕೋಡ್ ನೋಡಿ. 52ಇ ಎಂದರೆ ಪಾಸ್‌ವರ್ಡ್ ತಪ್ಪು, 775 ಎಂದರೆ ಲಾಕ್, 532 ಎಂದರೆ ಅವಧಿ ಮುಗಿದಿದೆ, 773 ಎಂದರೆ ಬದಲಿಸಲೇಬೇಕು.

ಲಾಕ್ ಆದ ಅದೇ ಅಕೌಂಟಿನಿಂದ ಎಸ್‌ಎಸ್‌ಎಚ್ ಕೀ (ಪಾಸ್‌ವರ್ಡ್ ಬದಲು ಬಳಸುವ ಡಿಜಿಟಲ್ ಕೀಲಿ) ಬಳಸಿ ಲಿನಕ್ಸ್ ಸರ್ವರ್‌ಗೆ ಹೋಗಲು ಪ್ರಯತ್ನಿಸಿ. ಬಹಳ ಕಡೆ ಸಲೀಸಾಗಿ ಒಳಗೆ ಹೋಗಬಹುದು, ಯಾಕೆಂದರೆ ಕೀ ಲಾಗಿನ್‌ನಲ್ಲಿ ಪಾಸ್‌ವರ್ಡ್ ಬೈಂಡ್ ನಡೆಯುವುದೇ ಇಲ್ಲ. ಲಿನಕ್ಸನ್ನು ಡೈರೆಕ್ಟರಿಗೆ ಜೋಡಿಸಲು ಎಸ್‌ಎಸ್‌ಎಸ್‌ಡಿ ಬಳಸುತ್ತಿದ್ದರೆ ಅದರ ಎಲ್‌ಡ್ಯಾಪ್ ಆಕ್ಸೆಸ್ ಆರ್ಡರ್ ಸೆಟ್ಟಿಂಗ್‌ಗೆ ಪಾಲಿಸಿ ಪರೀಕ್ಷೆ ಸೇರಿಸಬೇಕು.

ಹಂತ 10: ಜಾರಿ

ಹೊಸ ಪಾಲಿಸಿ ಹಳೆಯ ಪಾಸ್‌ವರ್ಡ್‌ಗಳನ್ನು ಪರೀಕ್ಷಿಸುವುದಿಲ್ಲ. ಸರ್ವರ್ ಹತ್ತಿರ ಇರುವುದು ಹ್ಯಾಶ್ ಮಾತ್ರ, ಉದ್ದ ಅದಕ್ಕೂ ಗೊತ್ತಿಲ್ಲ. ಮುಂದಿನ ಸಲ ಬದಲಾದಾಗಲೇ 15ರ ನಿಯಮ ತಾಗುವುದು. ಹ್ಯಾಶ್ ವಿಧಾನವೂ ಹೆಚ್ಚಿನ ಕಡೆ ಆಗಲೇ ಹೊಸದಾಗುವುದು. ಹಾಗಾಗಿ ಒಂದು ಸಲ, ಒಂದೇ ಒಂದು ಸಲ, ಎಲ್ಲರೂ ಬದಲಿಸಬೇಕು. ಇದಕ್ಕೆಂದು ಗರಿಷ್ಠ ಅವಧಿಯನ್ನು ಇದ್ದಕ್ಕಿದ್ದಂತೆ ಇಳಿಸಬೇಡಿ. ಅದಕ್ಕಿಂತ ಹಳೆಯ ಪಾಸ್‌ವರ್ಡ್ ಇರುವ ಎಲ್ಲರೂ ಒಂದೇ ಬೆಳಿಗ್ಗೆ ಹೊರಗುಳಿಯುತ್ತಾರೆ. ಗುಂಪು ಗುಂಪಾಗಿ ಮಾಡಿ. ಮೊದಲು ಐಟಿ ತಂಡ, ನಂತರ ದಿನಕ್ಕೊಂದು ವಿಭಾಗ. ಸೋಮವಾರ ಬೇಡ, ರಜೆಯ ಹಿಂದಿನ ದಿನವೂ ಬೇಡ.

ಜನರಿಗೆ ಕಳಿಸುವ ಸಂದೇಶ ಚಿಕ್ಕದಿರಲಿ. ನಾನು ಬಳಸುವುದು ಹೆಚ್ಚೂಕಡಿಮೆ ಹೀಗಿದೆ: "ಬುಧವಾರ ನಿಮ್ಮ ಪಾಸ್‌ವರ್ಡ್ ಬದಲಿಸಬೇಕು. ಹೊಸದು 15 ಅಕ್ಷರ ಅಥವಾ ಹೆಚ್ಚು ಇರಲಿ. ಅಂಕಿ, ಚಿಹ್ನೆ ಬೇಕೆಂದೇನಿಲ್ಲ, ಸಂಬಂಧವಿಲ್ಲದ ನಾಲ್ಕು ಪದ ಸಾಕು. ಇದರ ನಂತರ ಮೂರು ತಿಂಗಳಿಗೊಮ್ಮೆ ಬದಲಿಸುವ ಕೆಲಸ ಇಲ್ಲ. ಬದಲಿಸಿದ ಕೂಡಲೇ ಫೋನ್ ಮತ್ತು ಟ್ಯಾಬ್ಲೆಟ್‌ನಲ್ಲೂ ಹೊಸದನ್ನು ಹಾಕಿ. ಈ ಮೇಲ್‌ನಲ್ಲಿ ಲಿಂಕ್ ಇಲ್ಲ. ಎಂದಿನಂತೆ ಲಾಗಿನ್ ಆದಾಗ ಬದಲಿಸುವ ಪುಟ ತಾನೇ ಬರುತ್ತದೆ." ಲಿಂಕ್ ಹಾಕದಿರುವುದು ಬೇಕೆಂದೇ. ಇಂಥ ದಿನಗಳಲ್ಲೇ ಫಿಶಿಂಗ್ ಮೇಲ್‌ಗಳೂ ಬರುತ್ತವೆ.

ಪ್ರತಿ ಗುಂಪಿನ ದಿನ ಸಂಜೆ ಮೂರು ಎಣಿಕೆ ನೋಡಿ. ಎಷ್ಟು ಜನ ಬದಲಿಸಿದರು, ಎಷ್ಟು ಅಕೌಂಟ್ ಲಾಕ್ ಆದವು, ಸಹಾಯ ಡೆಸ್ಕಿಗೆ ಬಂದ ಪ್ರಶ್ನೆಗಳೇನು. ಲಾಕ್ ಆದವರ ಎಂಟ್ರಿಯಲ್ಲಿ ತಪ್ಪಿನ ಸಮಯಗಳು ಸರಿಯಾಗಿ 5 ನಿಮಿಷದ ಅಂತರದಲ್ಲಿದ್ದರೆ ಅದು ಮನುಷ್ಯರದ್ದಲ್ಲ, ಎಲ್ಲೋ ಹಳೆಯ ಪಾಸ್‌ವರ್ಡ್ ಹಿಡಿದು ಕೂತ ಸಾಧನ. ಅದನ್ನು ಹುಡುಕಿ ತಿದ್ದಿ. ಒಂದೇ ಪ್ರಶ್ನೆ ಮೂರ್ನಾಲ್ಕು ಜನರಿಂದ ಬಂದಿದ್ದರೆ ಸಂದೇಶದಲ್ಲಿ ಆ ಸಾಲು ಅರ್ಥವಾಗಿಲ್ಲ. ಸಂದೇಶ ತಿದ್ದಿ, ಆಮೇಲೆ ಮುಂದಿನ ವಿಭಾಗಕ್ಕೆ ಕಳಿಸಿ.